ಹೆಂಡತಿ ಕೊಟ್ಟ ಕ್ಷೌರದ ಕತ್ತಿ

ನಾನು ಪುಕ್ಕಲ ಎನ್ನುವುದು ನನಗೆ ಚಿಕ್ಕಂದಿನಿಂದಲೂ ಗೊತ್ತು. ಆದರೆ ಅದನ್ನು ಒಪ್ಪಿಕೊಳ್ಳಬೇಕಾದ ಹೊತ್ತಿಗೆ ಸರಿಯಾಗಿ ಬಾಯಿಂದ ಜಂಬದ ಮಾತೊಂದು ಜಾರಿಬಿಡುತ್ತದೆ. ಆಮೇಲೆ ನಡೆಯುವುದೆಲ್ಲ ಈ ಥರದ್ದೇ.

೧. ರಕ್ತದಲ್ಲೇ ಇದೆ

ಎರಡು ಸಾವಿರದ ಆಸುಪಾಸು. ಮದುವೆಯಾಗಿ ಟೆಕ್ಸಾಸ್‌ನ ಪ್ಲೇನೋ ಎಂಬ ಊರಿನ ಅಪಾರ್ಟ್‌ಮೆಂಟಿಗೆ ಬಂದ ಹೊಸತು. ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಾ ಹೆಂಡತಿಗೆ ಹೇಳಿದೆ: "ಈ ಪ್ಲಾಸ್ಟಿಕ್ ರೇಜರೆಲ್ಲ ಆಟದ ಸಾಮಾನು ಕಣೇ. ನಮ್ಮ ತಾತ ಕನ್ನಡಿ ಇಲ್ಲದೇನೇ ಕ್ಷೌರದ ಕತ್ತೀಲಿ ಗಡ್ಡ ತೆಗೀತಿದ್ರು. ಅದು ನಮ್ಮ ರಕ್ತದಲ್ಲೇ ಇದೆ."

ನನ್ನ ಹುಟ್ಟುಹಬ್ಬಕ್ಕೆ ಅವಳು ಒಂದು ಉದ್ದನೆಯ ಡಬ್ಬಿ ಕೊಟ್ಟಳು. ಒಳಗೆ ಮಡಚುವ ಕ್ಷೌರದ ಕತ್ತಿ. ಬಿಚ್ಚಿದರೆ ಅಲಗಿನಲ್ಲಿ ನನ್ನದೇ ಕಣ್ಣು ಕಾಣಿಸಿತು, ಪಾಪ, ಅದು ಹೆದರಿತ್ತು.

"ಅಪ್ಪನಿಗೂ ಫೋನ್ ಮಾಡಿ ಹೇಳ್ದೆ. ತುಂಬ ಖುಷಿಪಟ್ರು ರೀ" ಅಂದಳು.

ನನ್ನ ಮಾವ ಮೈಸೂರಿನಲ್ಲಿ ನಿವೃತ್ತ ಸರ್ಕಲ್ ಇನ್ಸ್‌ಪೆಕ್ಟರ್. ಹೆಣ್ಣು ನೋಡಲು ಹೋದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ ಸ್ವಲ್ಪ ಮೆತ್ತಗಿದ್ದಾನೆ" ಅಂದಿದ್ದವರು. ಹೆಂಡತಿಯ ಮುಂದೆ, ಮಾವನ ಮುಂದೆ ನನ್ನ ಮರ್ಯಾದೆಯೆಲ್ಲ ಈಗ ಆ ಕತ್ತಿಯ ಕೈಯಲ್ಲಿತ್ತು. ರಕ್ತದಲ್ಲಿ ಇರುವುದು ಹೊರಗೆ ಬರುವ ದಿನ ದೂರವಿಲ್ಲ ಅನ್ನಿಸಿತು.

೨. ಢಂ

ಹ್ಯೂಸ್ಟನ್‌ನಲ್ಲಿ ಓದುತ್ತಿದ್ದ ಧಾರವಾಡದ ಗೆಳೆಯನಿಗೆ ಫೋನ್ ಮಾಡಿ ಅಳಲು ತೋಡಿಕೊಂಡೆ.

"ಮೊದ್ಲ ಒಂದು ಬಲೂನ್ ಊದೋ. ಅದಕ್ಕ ನೊರಿ ಹಚ್ಚಿ ಮೆಲ್ಲಕ ಕೆರದು ನೋಡು. ಅದು ಉಳೀತಂದ್ರ ನಿನ್ನ ಗಲ್ಲಾನೂ ಉಳೀತಾವ" ಅಂದ.

ಹೆಂಡತಿ ಮನೆಯಲ್ಲಿಲ್ಲದಾಗ ಬಚ್ಚಲುಮನೆಯಲ್ಲಿ ಮೂರು ಬಲೂನು ಊದಿಟ್ಟುಕೊಂಡೆ. ಮೂರೂ ಉಳಿಯಲಿಲ್ಲ. ನೊರೆ ಕನ್ನಡಿಗೆ, ಸೀಲಿಂಗಿಗೆ, ನನ್ನ ಮುಖಕ್ಕೆ ಹಾರಿತು. ಮನೆಮನೆಯಲ್ಲೂ ಬಂದೂಕಿರುವ ಟೆಕ್ಸಾಸ್‌ನಲ್ಲಿ ಬೆಳಬೆಳಗ್ಗೆ ಢಂ, ಢಂ, ಢಂ ಅಂದರೆ ಯಾರೂ ಹುಟ್ಟುಹಬ್ಬ ಅಂದುಕೊಳ್ಳುವುದಿಲ್ಲ. ಕೆಳಗಿನ ಮನೆಯ ಅಮೆರಿಕನ್ ಅಜ್ಜಿ ಓಡಿಬಂದು ಬಾಗಿಲು ಬಡಿದರು. ಗಾಬರಿಯಲ್ಲಿ ಹಾಗೇ ಹೋಗಿ ತೆಗೆದೆ. ಅರ್ಧ ಮುಖ ನೊರೆ, ಕೈಯಲ್ಲಿ ಬಿಚ್ಚಿದ ಕತ್ತಿ.

"ಏನಿಲ್ಲ, ಪ್ರಾಕ್ಟೀಸ್ ಮಾಡ್ತಿದ್ದೇನೆ" ಅಂದೆ.

ಯಾರ ಮೇಲೆ ಅಂತ ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಆವತ್ತಿನಿಂದ ನನ್ನನ್ನು ಕಂಡರೆ ಬಟ್ಟೆಬುಟ್ಟಿಯನ್ನು ಲಾಂಡ್ರಿ ರೂಮಿನಲ್ಲೇ ಬಿಟ್ಟು ಹೊರಟುಬಿಡುತ್ತಿದ್ದರು.

೩. ಬಾಗಿಲು ಮುಚ್ಚಿದ ಮ್ಯಾನೇಜರ್

ಕೊನೆಗೊಂದು ಸೋಮವಾರ, ಹೆಂಡತಿ ನೋಡುತ್ತಿದ್ದಾಳೆ ಅಂತ, ಉಸಿರು ಬಿಗಿಹಿಡಿದು ಕತ್ತಿಯನ್ನು ನಿಜವಾಗಿ ಕೆನ್ನೆಗೆ ಇಟ್ಟೆ.  ಕೆನ್ನೆಯಲ್ಲಿ ಎರಡು ಗೆರೆ, ಗದ್ದದಲ್ಲಿ ಒಂದು, ಕಿವಿಯ ಹಾಲೆ ಯಾಕೆ ಕುಯ್ದುಕೊಂಡಿತೋ ಇವತ್ತಿಗೂ ತಿಳಿಯದು. ಗಾಯಗಳ ಮೇಲೆ ಟಿಶ್ಯೂ ಚೂರು ಅಂಟಿಸಿಕೊಂಡು ಆಫೀಸಿಗೆ ಹೋದೆ.

ಮ್ಯಾನೇಜರ್ ತನ್ನ ರೂಮಿಗೆ ಕರೆದು, ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ಕೇಳಿದ: "ಮನೆಯಲ್ಲಿ ಎಲ್ಲ ಕ್ಷೇಮ ತಾನೇ?"

"ಅಯ್ಯೋ, ಅಂಥದ್ದೇನಿಲ್ಲ. ನನ್ನ ಹೆಂಡತಿ ಒಂದು ಕತ್ತಿ ತಂದಳು, ಅಷ್ಟೇ."

ಅವನು ಕಣ್ಣು ತುಂಬಿಕೊಂಡು ನನಗೊಂದು ಸಹಾಯವಾಣಿಯ ನಂಬರ್ ಬರೆದುಕೊಟ್ಟ.

೪. ಶಾಸ್ತ್ರ

ಆಮೇಲೆ ನನಗೆ ಇದ್ದಕ್ಕಿದ್ದಂತೆ ದೈವಭಕ್ತಿ ಬಂತು. ಮಂಗಳವಾರ, ಶುಕ್ರವಾರ, ಶನಿವಾರ ಕ್ಷೌರ ನಿಷಿದ್ಧ ಅಂದೆ. ಸೋಮವಾರ ನಾನು ಹುಟ್ಟಿದ ವಾರ, ಗುರುವಾರ ರಾಯರ ವಾರ. ಬುಧವಾರ ಬೆಳಿಗ್ಗೆ ಮೀಟಿಂಗ್.

"ಮಾಮೂಲಿ ರೇಜರಲ್ಲಿ ದಿನಾ ಮಾಡ್ಕೋತೀರಲ್ಲ, ಅದಕ್ಕೆ ಶಾಸ್ತ್ರ ಇಲ್ವಾ?" ಅಂದಳು.

"ಅದು ಪ್ಲಾಸ್ಟಿಕ್ ಕಣೇ. ಪ್ಲಾಸ್ಟಿಕ್‌ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ."

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು, ಲ್ಯಾಪ್‌ಟಾಪು, ಈಳಿಗೆಮಣೆಯ ಸಾಲಿನಲ್ಲಿ ಅವಳು ಕತ್ತಿಯನ್ನೂ ಬಿಚ್ಚಿಟ್ಟು, ಅಲಗಿನ ಮೇಲೆ ದುಂಡಗೆ ಕುಂಕುಮ ಇಟ್ಟಳು. ನಾನೂ ಕೈಮುಗಿದೆ. ಮನೆಯಲ್ಲಿ ಅಷ್ಟು ಮನಃಪೂರ್ವಕವಾಗಿ ಮುಗಿದವನು ನಾನೊಬ್ಬನೇ. ಪೂಜೆ ಮುಗಿದ ಮೇಲೆ ಅದನ್ನು ಮಡಚಿ ಡಬ್ಬಿಗೆ ಹಾಕಿದೆ.

೫. ಭಾನುವಾರ

ಶಾಸ್ತ್ರದಿಂದ ತಪ್ಪಿಸಿಕೊಂಡು ಉಳಿದದ್ದು ಭಾನುವಾರ ಒಂದೇ. ಭಾನುವಾರ ಬೆಳಿಗ್ಗೆ ಹೆಂಡತಿ ಹತ್ತಿರದ ಊರಾದ ಕಾಪೆಲ್‌ಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಅವಳ ಕಾರು ತಿರುವು ದಾಟಿದ್ದೇ ನಾನು ಹತ್ತು ಮೈಲಿ ಆಚೆಯ ಒಂದು ಬಾರ್ಬರ್ ಶಾಪಿಗೆ ಹೊರಟೆ. ಅಲ್ಲಿದ್ದ ಮುದುಕ ಅಂಥದ್ದೇ ಕತ್ತಿಯಲ್ಲಿ ಬೆಣ್ಣೆ ಸವರಿದ ಹಾಗೆ ಶೇವ್ ಮಾಡಿದ.

"ನಾನು ಕಲಿಯೋಕೆ ಬಂದಿದ್ದು" ಅಂದೆ.

"ಶುರುವಿಂದ ಕೊನೇವರೆಗೂ ಕಣ್ಣು ಮುಚ್ಚಿಕೊಂಡಿದ್ದೆಯಲ್ಲ, ಏನು ಕಲಿತೆ?"

"ನಿಮ್ಮ ಅಂಗಡಿ ಭಾನುವಾರ ಎಷ್ಟು ಹೊತ್ತಿಗೆ ತೆರೆಯುತ್ತೆ ಅನ್ನೋದನ್ನ."

ಮನೆಗೆ ಬಂದ ಹೆಂಡತಿ ಕೆನ್ನೆ ಸವರಿ, "ತಾತನಿಗೆ ತಕ್ಕ ಮೊಮ್ಮಗ ರೀ ನೀವು" ಅಂದಳು. ನಾಚಿಕೆಯಾಯಿತು, ನಿಜ. ಆದರೆ ಮುಂದಿನ ಭಾನುವಾರವೂ ಹೋದೆ, ಅದರ ಮುಂದಿನ ಭಾನುವಾರವೂ.

೬. ತನಿಖೆ

ಏಪ್ರಿಲ್‌ನಲ್ಲಿ ಮಾವ ಬಂದರು. ಬಂದ ವಾರವೇ ಹೆಂಡತಿ ಘೋಷಿಸಿದಳು: "ಅಪ್ಪಾ, ಈ ಭಾನುವಾರ ನಿಮಗೆ ಇವರೇ ಶೇವ್ ಮಾಡ್ತಾರೆ. ಆ ಕತ್ತೀಲಿ!"

ಶನಿವಾರ ನನಗೆ ಊಟ ಸೇರಲಿಲ್ಲ. ಮಾವನಿಗೂ ಸೇರಲಿಲ್ಲ, ಅದನ್ನು ನಾನು ಹೊಸ ಊರಿನ ಹವೆ ಅಂದುಕೊಂಡೆ.

ಭಾನುವಾರ ಅವಳು ಅಪ್ಪನ ಕೊರಳಿಗೆ ಟವೆಲ್ ಸುತ್ತಿ, "ನಾನು ಬರೋಷ್ಟರಲ್ಲಿ ಮುಗಿದಿರಬೇಕು" ಎಂದು ಕಾಪೆಲ್‌ಗೆ ಹೋದಳು. ಮಾವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ನೊರೆ ಹಚ್ಚಿದೆ. ಬೇಕಾದ್ದಕ್ಕಿಂತ ಹೆಚ್ಚೇ ಹಚ್ಚಿದೆ, ಇನ್ನೂ ಹಚ್ಚುತ್ತಲೇ ಇದ್ದೆ. ಇನ್ನು ಜಾಗವಿಲ್ಲ ಅಂತಾದಾಗ ಡಬ್ಬಿ ತೆಗೆದೆ. ಒಂದು ಜೀವ ನನ್ನ ಕೈಯಲ್ಲಿ, ಅದೂ ಮಾವನದು. 

"ಒಂದ್ ನಿಮಿಷ ಅಳಿಯಂದ್ರೇ, ಅದನ್ನ ಇಲ್ಲಿ ಕೊಡಿ. ಗಂಟಲ ಹತ್ರ ಬರೋದನ್ನ ಒಂದ್ಸಲ ನೋಡ್ಬೇಕು."

ಕತ್ತಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಅಲಗಿನ ಮೇಲೆ ಕುಂಕುಮ ಇಟ್ಟ ಹಾಗೇ ಇತ್ತು.

"ಇದು ಯಾವಾಗಿನ ಪೂಜೆದು?"

"ಆಯುಧಪೂಜೆದು ಮಾವ."

"ಆರು ತಿಂಗಳಿಂದ ಪ್ರತಿ ಭಾನುವಾರ ನೀರು, ಸೋಪು ಕಂಡಿರೋ ಕತ್ತಿ. ಕುಂಕುಮ ಒಂಚೂರೂ ಅಳಿಸಿಲ್ಲ, ಅಲ್ವಾ?"

 ಹೆಂಡತಿಯ ಮುಂದೆ ಇನ್ನು ಹೇಗೆ ತಲೆ ಎತ್ತುವುದು? ಬೇಡಿ ಹಾಕಲಿ ಅಂತ ನಾನಾಗಿಯೇ ಎರಡೂ ಕೈ ಮುಂದೆ ಚಾಚಿದೆನೋ ಏನೋ, ನೆನಪಿಲ್ಲ.

ಮಾವ ದೊಡ್ಡದಾಗಿ ಉಸಿರು ಬಿಟ್ಟರು. ನೊರೆಯ ಒಳಗಿಂದ ನಗು ಕಾಣಿಸಿತು. "ಸದ್ಯ, ಬದುಕಿದೆ! ಮೂರು ದಿನದಿಂದ ನಿದ್ದೆ ಇಲ್ಲ ಕಣ್ರೀ. ಮಗಳ ಮುಂದೆ ಹೆದರಿಕೆ ಅನ್ನೋಕಾಗುತ್ತಾ? ಸರಿ, ನೀವು ಮಾಡಿಸ್ಕೊಳ್ಳೋ ಅಂಗಡಿ ಎಷ್ಟು ದೂರ?"

ನೊರೆ ಒರೆಸಿಕೊಂಡು ಇಬ್ಬರೂ ಹೊರಟೆವು. ಹೆಂಡತಿ ಬರುವುದಕ್ಕೆ ಹತ್ತು ನಿಮಿಷ ಮೊದಲು ವಾಪಸ್ ಬಂದೆವು. ಮಾವ ಟವೆಲ್ ಸುತ್ತಿಕೊಂಡು ಅದೇ ಕುರ್ಚಿಯಲ್ಲಿ ಕೂತರು.

ಅವಳು ಅಪ್ಪನ ಕೆನ್ನೆ ಸವರಿ ನೋಡಿ, "ಹೇಗಿತ್ತಪ್ಪಾ ಇವರ ಕೈ?" ಅಂದಳು.

"ಹೂವಿನಂಥ ಕೈ ಕಣಮ್ಮಾ. ಇವರನ್ನ ಮೆತ್ತಗಿದ್ದಾರೆ ಅಂದಿದ್ದು ನನ್ನ ತಪ್ಪು."

ಅವಳು ಕಾಫಿಗೆ ಇಡಲು ಒಳಗೆ ಹೋದಳು. ಮಾವ ಕತ್ತಿಯನ್ನು ಮತ್ತೆ ಬಿಚ್ಚಿ, ಟವೆಲ್ಲಿನ ತುದಿಯಿಂದ ಕುಂಕುಮ ಒರೆಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೂವತ್ತು ವರ್ಷ ಸರ್ವಿಸಲ್ಲಿ ಸಾಕ್ಷಿ ನಾಶ ಮಾಡಿದ್ದು ಇದೇ ಮೊದಲು, ಅಳಿಯಂದ್ರೇ."