ಭಾವನ ಗಾಡಿಗೆ ಭಾರ ಹುಡುಕಿದ್ದು

ನಮ್ಮ ಭಾವನವರಿಗೆ ಹುಚ್ಚು ಅಂತ ನಾನು ಎಂದೂ ಹೇಳಿಲ್ಲ. ಹೇಳುವ ಹಾಗೂ ಇಲ್ಲ. ಆ ಮಾತು ಹೇಳುವ ಹಕ್ಕು ನಮ್ಮಲ್ಲಿ ಅಕ್ಕನೊಬ್ಬಳದು. ಅದನ್ನವಳು ಬೆಳಿಗ್ಗೆ ಕಾಫಿಯ ಜೊತೆ ಒಂದು ಸಲ, ಸಂಜೆ ಮೊಸರನ್ನದ ಜೊತೆ ಒಂದು ಸಲ ತಪ್ಪದೆ ಚಲಾಯಿಸುತ್ತಿದ್ದಳು. ಬೇರೆ ಯಾರಾದರೂ ಹೇಳಿದರೋ, ಮುಖ ಊದಿಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಆದ್ದರಿಂದ ನಾನು ಇಷ್ಟು ಮಾತ್ರ ಹೇಳುತ್ತೇನೆ: ಅರವತ್ತರ ದಶಕದ ಕೊನೆಯಲ್ಲಿ, ಇಡೀ ಪಶ್ಚಿಮ ಜರ್ಮನಿಯಲ್ಲಿ, ಊಟಕ್ಕೆ ಕರೆಯುವ ಮುಂಚೆ ನೆಂಟರ ತೂಕ ವಿಚಾರಿಸುತ್ತಿದ್ದ ಕನ್ನಡಿಗರು ಅವರೊಬ್ಬರೇ.

ನಾನಾಗ ಬಾನ್‌ನಲ್ಲಿ ಓದುತ್ತಿದ್ದೆ. ಅಕ್ಕ ಭಾವ ಇದ್ದದ್ದು ನ್ಯೂರೆಂಬರ್ಗ್‌ನಿಂದಾಚೆ, ಗುಡ್ಡಗಳ ನಡುವಿನ ಒಂದು ಚಿಕ್ಕ ಊರಿನಲ್ಲಿ. ಭಾವ ಕನ್ನಡಕದ ಗಾಜು ಮಾಡುವ ಕಾರ್ಖಾನೆಯಲ್ಲಿ ಸಂಶೋಧಕರು, ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರು. ಅಕ್ಕ ನಿಜವಾದ ಡಾಕ್ಟರು. ಮನೆ ಗುಡ್ಡದ ಬುಡದಲ್ಲಿ, ಅವಳ ಆಸ್ಪತ್ರೆ ಗುಡ್ಡದ ನೆತ್ತಿಯಲ್ಲಿ. ನಡುವೆ ಒಂದೇ ಒಂದು ಇಕ್ಕಟ್ಟಿನ ಏರುದಾರಿ.

ಚಳಿಗಾಲದ ರಜೆಗೆಂದು ಹೋದ ನನ್ನನ್ನು ಕರೆದೊಯ್ಯಲು ಭಾವ ಬಾನ್‌ಹೋಫ್, ಅಂದರೆ ರೈಲು ನಿಲ್ದಾಣದ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾನು ಕಾರು ಹುಡುಕಿದೆ. ಕಾರಿರಲಿಲ್ಲ. ಇದ್ದದ್ದು ಒಂದು ಹಳೆಯ ಪಿಕಪ್. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ತರಕಾರಿ ವ್ಯಾಪಾರ ಬಿಟ್ಟುಬಿಟ್ಟ ಒಬ್ಬ ಮುದುಕನಿಂದ ಕೊಂಡದ್ದಂತೆ. ಬಾಗಿಲ ಮೇಲೆ ಜರ್ಮನ್ ಭಾಷೆಯಲ್ಲಿ ‘ತಾಜಾ ಕೋಸು, ತಾಜಾ ಮೊಟ್ಟೆ’ ಎಂಬ ಬರಹ ಹಾಗೇ ಇತ್ತು.

“ಇದನ್ನ ಅಳಿಸಬಾರದಿತ್ತಾ ಭಾವ?” ಅಂದೆ.

“ಅಕ್ಷರ ಎಷ್ಟು ಮುದ್ದಾಗಿದೆ ನೋಡೋ. ಯಾಕೆ ಹಾಳುಮಾಡೋದು?”

ಮನೆ ತಲುಪುವಷ್ಟರಲ್ಲಿ ಇಬ್ಬರು ಹೆಂಗಸರು ಕೈ ಅಡ್ಡ ಮಾಡಿ ನಿಲ್ಲಿಸಿ ಕೋಸಿನ ಬೆಲೆ ಕೇಳಿದರು. ಭಾವ ಟೋಪಿ ತೆಗೆದು, ಇವತ್ತು ಕೋಸು ಬಂದಿಲ್ಲ ಎಂದು ವಿನಯದಿಂದ ಹೇಳಿದರು. ನಾಳೆ ಬರುತ್ತದೆ ಎಂಬ ಅರ್ಥ ಅದರಲ್ಲಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತೆ ಕಾಣಲಿಲ್ಲ.

ಕಾರು ಬಿಟ್ಟು ಪಿಕಪ್ ಯಾಕೆ ಕೊಂಡಿರಿ ಎಂದು ಕೇಳಿದರೆ, ಮನೆಗೆ ಬಾಗಿಲು ಯಾಕೆ ಇಡ್ತಾರೆ ಎಂದು ನನ್ನನ್ನೇ ಕೇಳಿದರು. ಅದಕ್ಕೂ ಇದಕ್ಕೂ ಸಂಬಂಧ ಏನು? ಮೂರು ದಿನ ಯೋಚಿಸಿದರೂ ಹೊಳೆಯಲಿಲ್ಲ. ಭಾವನ ಜೊತೆ ಮಾತಾಡುವುದೆಂದರೆ ಹೀಗೆಯೇ. ಹೋಗುವಾಗ ಒಂದು ಪ್ರಶ್ನೆ ಇರುತ್ತದೆ, ಬರುವಾಗ ಎರಡು.

ಅಕ್ಕ ಮಾತ್ರ ಆ ಗಾಡಿ ಹತ್ತುತ್ತಿರಲಿಲ್ಲ. ಕೊಂಡ ಹೊಸತರಲ್ಲಿ ಒಮ್ಮೆ, ಒಂದೇ ಒಂದು ಸಲ, ಅದರಲ್ಲಿ ಆಸ್ಪತ್ರೆಗೆ ಹೋಗಿದ್ದಳಂತೆ. ಬಾಗಿಲ ಮೇಲಿನ ಬರಹ ಓದಿದ ಕಾವಲಿನವನು, ಅಡಿಗೆಮನೆಗೆ ಹಿಂದಿನ ಗೇಟು ಎಂದು ದಾರಿ ತೋರಿಸಿದನಂತೆ. ಭಾವ ಸೊಲ್ಲೆತ್ತದೆ ಹಿಂದಿನ ಗೇಟಿಗೇ ತಿರುಗಿಸಿದರಂತೆ! ರೇಷ್ಮೆ ಅಂಚಿನ ಸೀರೆ, ಮೇಲೆ ಕೋಟು, ಕೈಯಲ್ಲಿ ಸ್ಟೆತಸ್ಕೋಪಿನ ಚೀಲ ಹಿಡಿದ ಡಾಕ್ಟರಮ್ಮ ಆಲೂಗಡ್ಡೆ ಮೂಟೆಗಳ ನಡುವೆ ಇಳಿದಳು. ಅವತ್ತಿನಿಂದ ಅವಳು ನಡೆದೇ ಹೋಗುತ್ತಿದ್ದಳು. ಭಾವ ಬಾ ಎಂದು ಕರೆಯಲೂ ಇಲ್ಲ, ಅವಳು ಹತ್ತಲೂ ಇಲ್ಲ.

ನಾನು ಅಲ್ಲಿಗೆ ಹೋದ ವಾರವೇ ಹಿಮ ಬಿತ್ತು. ಬೆಳಿಗ್ಗೆ ಭಾವ ಗಾಡಿ ಶುರುಮಾಡಿ ಏರಿಗೆ ತಿರುಗಿಸಿದರು. ಇಂಜಿನ್ ಅಬ್ಬರಿಸಿತು, ಹಿಂದಿನ ಚಕ್ರಗಳು ಬುಗುರಿಯಂತೆ ತಿರುಗಿದವು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಭಾವ ಇಳಿದು, ಬರಿಗೈಯಲ್ಲಿ ಹಿಮ ಮುಟ್ಟಿ ನೋಡಿ, ನನಗೊಂದು ಪಾಠ ಹೇಳಿದರು. ಇಂಜಿನ್ನಿನ ಭಾರವೆಲ್ಲ ಮುಂದಿದೆ, ತಳ್ಳುವ ಚಕ್ರ ಹಿಂದಿದೆ. ಹಿಂದೆ ತೊಟ್ಟಿ ಖಾಲಿ. ಭಾರವಿಲ್ಲದ ಚಕ್ರ ನೆಲವನ್ನು ಕಚ್ಚುವುದಿಲ್ಲ. ಆದ್ದರಿಂದ ಹಿಂದೆ ಭಾರ ಬೇಕು.

ಇಷ್ಟು ನನಗೂ ಅರ್ಥವಾಯಿತು. ಅರ್ಥವಾಗದೆ ಹೋದದ್ದು, ಅವರು ಕಾರ್ಖಾನೆಗೆ ಹೋಗುವ ದಾರಿ ಊರೊಳಗಿನ ಸಮತಟ್ಟಾದ ರಸ್ತೆ. ಗುಡ್ಡದ ಮೇಲೆ ಇವರಿಗೇನು ಕೆಲಸ?

ಮೊದಲ ಭಾರ ಹಿಮವೇ. ಊರೆಲ್ಲ ಬಿದ್ದಿದೆ, ಅದನ್ನೇ ತುಂಬೋಣ ಅಂದರು. ಇಬ್ಬರೂ ಸಲಿಕೆ ಹಿಡಿದು ತೊಟ್ಟಿ ತುಂಬಿಸಿದೆವು. ಗಾಡಿ ಸ್ವಲ್ಪ ಏರಿತು ಕೂಡ. ಮಧ್ಯಾಹ್ನ ಬಿಸಿಲು ಬಂದು ಅರ್ಧ ಕರಗಿತು, ಸಂಜೆಗೆ ಮತ್ತೆ ಹೆಪ್ಪುಗಟ್ಟಿತು. ಮಾರನೆಯ ದಿನ ನೋಡಿದರೆ ತೊಟ್ಟಿಯ ಹಿಂದಿನ ಹಲಗೆ ಬಾಗಿಲು ತೆಗೆಯಲಾಗದಂತೆ ಕಲ್ಲಾಗಿ ಕೂತಿತ್ತು. ಅಕ್ಕ ಕಿಟಕಿಯಿಂದಲೇ ತನ್ನ ಹಕ್ಕು ಚಲಾಯಿಸಿದಳು.

ಆಮೇಲೆ ನೀರಿನ ಪೀಪಾಯಿ. ತಿರುವಿನಲ್ಲಿ ಗಾಡಿ ಎಡಕ್ಕೆ ಹೋದರೆ ನೀರು ಬಲಕ್ಕೆ ಹೊರಳುತ್ತಿತ್ತು. ಯಾರು ಯಾರನ್ನು ಓಡಿಸುತ್ತಿದ್ದಾರೋ ಗೊತ್ತಾಗದೆ ನಾವು ಒಂದು ಬೇಲಿಯೊಳಗೆ ನುಗ್ಗಿ ನಿಂತೆವು.

ಆಗ ಭಾವನಿಗೆ ಮನುಷ್ಯರು ನೆನಪಾದರು. ನ್ಯೂರೆಂಬರ್ಗ್‌ನಲ್ಲಿ ಹಾಸನದ ಕಡೆಯ ಒಬ್ಬ ಇಂಜಿನಿಯರು, ಅವರ ಹೆಂಡತಿ, ಅವರ ಅಣ್ಣ ಇದ್ದರು. ಮೂವರೂ ಅನ್ನ ಉಂಡು ಬೆಳೆದ ಗಟ್ಟಿ ಜೀವಗಳು. ಬಿಸಿಬೇಳೆ ಭಾತಿಗೆ ಬನ್ನಿ ಎಂದು ಫೋನು ಹೋಯಿತು. ಮಾತಿನ ಮಧ್ಯೆ ಭಾವ, ನಿಮ್ಮ ಅಣ್ಣನವರು ಸುಮಾರು ಎಷ್ಟು ಕೇಜಿ ಇರಬಹುದು ಎಂದು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಊಟವಾದ ಮೇಲೆ, ಗುಡ್ಡದ ಮೇಲಿಂದ ಊರು ನೋಡಲು ಬಲು ಚೆಂದ ಎಂದು ಪುಸಲಾಯಿಸಿ ಮೂವರನ್ನೂ ಕಂಬಳಿ ಹೊದಿಸಿ ತೊಟ್ಟಿಯಲ್ಲಿ ಕೂರಿಸಿದರು. ಪಾಪ, ಅವರು ಇದೂ ಜರ್ಮನ್ ಪದ್ಧತಿ ಇರಬೇಕು ಅಂದುಕೊಂಡರು. ಗಾಡಿ ಆನೆಯ ಹಾಗೆ ಸರಾಗವಾಗಿ ಏರಿತು. ಅರ್ಧ ದಾರಿಯಲ್ಲಿ ಪೊಲೀಸಿನವನು ತಡೆದ. ಸಾಮಾನಿನ ತೊಟ್ಟಿಯಲ್ಲಿ ವ್ಯಕ್ತಿಗಳನ್ನು ಸಾಗಿಸಕೂಡದು ಅಂದ. ಭಾವ ತಮ್ಮ ಶುದ್ಧವಾದ ಜರ್ಮನ್‌ನಲ್ಲಿ, ಸಾಗಿಸುತ್ತಿರುವುದು ವ್ಯಕ್ತಿಗಳನ್ನಲ್ಲ, ತೂಕವನ್ನು ಎಂದು ವಿವರಿಸಿದರು. ಹಾಸನದವರು ಮತ್ತೆ ಊಟಕ್ಕೆ ಬರಲಿಲ್ಲ.

ಚಕ್ರಕ್ಕೆ ಸುತ್ತುವ ಸರಪಳಿ ಸಿಗುತ್ತದಲ್ಲ, ಊರಿನವರೆಲ್ಲ ಅದನ್ನೇ ಹಾಕುತ್ತಾರಲ್ಲ ಎಂದೆ. ಅದೂ ಇತ್ತಂತೆ, ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿತ್ತು. “ಬಹಳ ಸದ್ದು ಕಣೋ. ಮಲಗಿದವರಿಗೆ ಎಚ್ಚರ ಆಗತ್ತೆ” ಅಂದರು. ನಮ್ಮ ಬೀದಿಯಲ್ಲಿ, ಅವರು ಗಾಡಿ ತೆಗೆಯುವ ನಸುಕಿನ ಹೊತ್ತಿಗೆ ಮಲಗಿರುತ್ತಿದ್ದದ್ದು ನಾನು ಮತ್ತು ಅಕ್ಕ. ನನ್ನ ನಿದ್ದೆಯ ಬಗ್ಗೆ ಭಾವನಿಗೆ ಇಷ್ಟು ಕಾಳಜಿಯೇ ಎಂದು ಒಳಗೊಳಗೇ ಸಂತೋಷಪಟ್ಟೆ.

ಕೊನೆಗೆ ಅವರು ಮರಳಿಗೆ ಬಂದರು. ಚೀಲಗಳಿಗೆ ಮರಳು ತುಂಬಿ, ಹಿಂದಿನ ಎರಡು ಚಕ್ರಗಳ ನೇರಕ್ಕೆ ಸಾಲಾಗಿ ಜೋಡಿಸಿದರು. ಟೈರಿನ ಗಾಳಿ ಚೂರು ಇಳಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಗೇರು ಬಿಟ್ಟು ಎರಡನೆಯದರಲ್ಲಿ ಹೊರಡಬೇಕು, ಪಾದದ ಕೆಳಗೆ ಹಪ್ಪಳ ಇದೆ ಅಂದುಕೊಂಡು ಆಕ್ಸಿಲರೇಟರ್ ಒತ್ತಬೇಕು, ಮುರಿಯಬಾರದು ಎಂದು ಹೇಳಿಕೊಟ್ಟರು. ಹಪ್ಪಳ ಮುರಿಯಲಿಲ್ಲ. ಗಾಡಿ ಮಾತು ಕೇಳಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನ್ನ ಗೊಂದಲ ಶುರುವಾದದ್ದೇ ಇಲ್ಲಿಂದ. ಭಾವ ದಿನಾ ನಸುಕಿನಲ್ಲಿ ಒಬ್ಬರೇ ಗುಡ್ಡ ಹತ್ತಿ ಹೋಗುತ್ತಿದ್ದರು. ಹೋಗುವಾಗ ಚೀಲ ತುಂಬಿರುತ್ತಿತ್ತು, ಬರುವಾಗ ಖಾಲಿ. ಭಾರವಿಲ್ಲದ ಗಾಡಿ ಇಳಿಜಾರಿನಲ್ಲಿ ಕುಡಿದವನ ಹಾಗೆ ಓಲಾಡುತ್ತ ಬರುತ್ತಿತ್ತು. ಇಷ್ಟು ಕಷ್ಟಪಟ್ಟು ಹುಡುಕಿದ ಭಾರವನ್ನು ಯಾರಾದರೂ ಕಳೆದುಕೊಂಡು ಬರುತ್ತಾರೆಯೇ?

“ಮರಳೆಲ್ಲಿ ಭಾವ?”

“ಮೇಲೆ.”

“ಮೇಲೆ ಯಾಕೆ?”

“ಕೆಳಗೆ ಇಲ್ವಲ್ಲ, ಅದಕ್ಕೆ.”

ಸಂಜೆ ಕಾರ್ಖಾನೆಯಿಂದ ಬಂದು ಮತ್ತೆ ಚೀಲ ತುಂಬಲು ಕೂರುತ್ತಿದ್ದರು. ಇದು ಅಕ್ಕ ಹೇಳುವ ಮಟ್ಟಕ್ಕಿಂತ ಮುಂದೆ ಹೋಗಿದೆ ಎಂದು ನನಗೆ ಭಯವಾಯಿತು.

ಒಂದು ದಿನ ಬೆಳಗಿನ ಜಾವವೇ ಎದ್ದು, ಚಕ್ರದ ಗುರುತು ಹಿಡಿದು ಹಿಂದೆಯೇ ನಡೆದೆ. ರಾತ್ರಿಯೆಲ್ಲ ಹಿಮ ಸುರಿದಿತ್ತು. ಮೊದಲ ತಿರುವಿನಲ್ಲಿ ಗಾಡಿ ನಿಂತಿತ್ತು. ಮಂಕಿ ಕ್ಯಾಪ್ ಹಾಕಿಕೊಂಡ ಭಾವ ತೊಟ್ಟಿಯ ಮೇಲೆ ನಿಂತು, ಸಲಿಕೆಯಿಂದ ಮರಳು ಎತ್ತಿ ರಸ್ತೆಯ ಅಂಚಿಗೆ ಎರಚುತ್ತಿದ್ದರು. ಬೀಜ ಬಿತ್ತುವವರ ಹಾಗೆ, ಒಂದೇ ಸಮನೆ. ಸ್ವಲ್ಪ ದೂರ ಗಾಡಿ ಓಡಿಸುವುದು, ಇಳಿಯುವುದು, ಹತ್ತುವುದು, ಎರಚುವುದು. ನಾನು ಕರೆಯಲಿಲ್ಲ. ಮೆಲ್ಲಗೆ ಹಿಂತಿರುಗಿ ಬಂದು, ಕಾಫಿ ಕುಡಿಯುತ್ತಿದ್ದ ಅಕ್ಕನಿಗೆ, ಭಾವ ಮರಳನ್ನೆಲ್ಲ ರಸ್ತೆಗೆ ಚೆಲ್ಲುತ್ತಿದ್ದಾರೆ ಎಂದು ಹೇಳಿದೆ.

“ಗೊತ್ತು” ಅಂದಳು.

ಲೋಟ ಕೆಳಗಿಟ್ಟು, ಬಲಗೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಹಿಂದಿನ ಚಳಿಗಾಲದಲ್ಲಿ ಆ ಏರಿನಲ್ಲಿ ಜಾರಿ ಬಿದ್ದು ಕೈ ಮುರಿದಿತ್ತಂತೆ. ಊರಿಗೆ ತಿಳಿಸಿರಲಿಲ್ಲ. ಪ್ಲಾಸ್ಟರು ಬಿಚ್ಚುವವರೆಗೂ ದಿನಾ ಅವಳ ತಲೆ ಬಾಚಿ ಜಡೆ ಹಾಕಿದ್ದು ಭಾವನೇ. ಜಡೆಯೂ ಒಂದೇ ಸಮ ಬರಬೇಕೆಂದು ಅಳತೆಪಟ್ಟಿ ಹಿಡಿಯುತ್ತಿದ್ದರಂತೆ. ಆ ವಸಂತದಲ್ಲೇ ಈ ಗಾಡಿ ಮನೆಗೆ ಬಂತು.

“ನಿಂಗೋಸ್ಕರ ಅಂತ ಅವರು ಹೇಳಿದ್ರಾ?”

“ಅವರು ಯಾವತ್ತು ಏನು ನೆಟ್ಟಗೆ ಹೇಳಿದ್ದಾರೆ? ನಾನು ದಿನಾ ಆ ಮರಳಿನ ಮೇಲೇ ನಡೀತೀನಿ. ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದ್ದಾರೆ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಪಕ್ಕದ ಹಳ್ಳಿಯಿಂದ ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಆಂಬುಲೆನ್ಸಿನಲ್ಲಿ ತರುತ್ತಿದ್ದಾರೆ, ಬೇಗ ಬನ್ನಿ ಅಂದರು. ಭಾವ ಇನ್ನೂ ಬಂದಿರಲಿಲ್ಲ. ನಾವಿಬ್ಬರೂ ಮರಳಿನ ಗೆರೆಯ ಮೇಲೆ ಬೇಗ ಬೇಗ ಹತ್ತಿದೆವು. ಕೊನೆಯ ತಿರುವಿನಲ್ಲಿ ಗೆರೆ ಮುಗಿದಿತ್ತು. ಅಲ್ಲೇ ಗಾಡಿ ರಸ್ತೆಗೆ ಅಡ್ಡಡ್ಡ ನಿಂತಿತ್ತು. ಚೀಲಗಳೆಲ್ಲ ಖಾಲಿ, ಹಿಂದಿನ ಚಕ್ರ ತಿರುಗುತ್ತಿತ್ತು, ಗಾಡಿ ಅಲುಗುತ್ತಿರಲಿಲ್ಲ. ಕಿಟಕಿಗೆಲ್ಲ ಹಿಮ ಮೆತ್ತಿಕೊಂಡು ಭಾವನಿಗೆ ಹಿಂದೆ ಏನೂ ಕಾಣುವಂತಿರಲಿಲ್ಲ. ಆಂಬುಲೆನ್ಸು ಬರಬೇಕಾದ ದಾರಿ ಅದೊಂದೇ.

ನಾನು ಹಿಂದಿನಿಂದ ನೂಕಿದೆ. ಚಕ್ರ ನನ್ನ ಮುಖದ ತುಂಬ ಹಿಮ ಉಗಿಯಿತು. ಅಕ್ಕ ಒಂದು ಕ್ಷಣ ಗಾಡಿಯನ್ನು ನೋಡಿದಳು. ತನ್ನ ಸ್ಟೆತಸ್ಕೋಪಿನ ಚೀಲವನ್ನು ತೊಟ್ಟಿಯೊಳಗೆ ಇಟ್ಟಳು. ಸೀರೆಯನ್ನೂ ಕೋಟನ್ನೂ ಒಟ್ಟಿಗೆ ಎತ್ತಿ ಹಿಡಿದು, ಹಿಂದಿನ ಬಂಪರಿನ ಮೇಲೆ ಕಾಲಿಟ್ಟು ಹತ್ತಿಯೇಬಿಟ್ಟಳು.

“ನೀನೂ ಹತ್ತೋ. ಆ ಮೂಲೇಲಿ ಕೂತ್ಕೋ” ಅಂದಳು.

ಇಬ್ಬರೂ ಒಂದೊಂದು ಚಕ್ರದ ನೇರಕ್ಕೆ ಕೂತೆವು. ಒಳಗಿದ್ದ ಭಾವ ಹಪ್ಪಳ ಮುರಿಯದಂತೆ ಒತ್ತಿದರೋ ಏನೋ, ಚಕ್ರ ನೆಲ ಕಚ್ಚಿತು. ಗಾಡಿ ನೇರವಾಗಿ, ನಿಧಾನವಾಗಿ ಏರಿ ಆಸ್ಪತ್ರೆಯ ಅಂಗಳಕ್ಕೆ ಬಂದು ನಿಂತಿತು.

ಭಾವ ಇಳಿದರು. ತೊಟ್ಟಿಯಲ್ಲಿದ್ದ ನನ್ನನ್ನು ಕಂಡದ್ದೇ, ಟೈರಿನ ಗಾಳಿ ಇನ್ನೂ ಚೂರು ಇಳಿಸಿದ್ದಕ್ಕೇ ಗಾಡಿ ಏರಿ ಬಂತು ನೋಡು ಎಂದು ವಿವರಿಸಲು ಶುರುಮಾಡಿದರು. ಆಗ ಆಚೆ ಮೂಲೆಯಲ್ಲಿ ಅಕ್ಕ ಕಾಣಿಸಿದಳು. ಘರ್ಷಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಹಲಗೆ ಬಾಗಿಲು ಇಳಿಸಿ ಸುಮ್ಮನೆ ಕೈ ಚಾಚಿದರು. ಅಕ್ಕ ಆ ಕೈ ಹಿಡಿದು ಇಳಿದಳು. ಇಳಿದ ಮೇಲೂ ಬಿಡಲಿಲ್ಲ. ಸಲಿಕೆ ಹಿಡಿದ ಬೆರಳುಗಳು ಕೆಂಪಗೆ ಊದಿಕೊಂಡಿದ್ದವು. ಅದನ್ನೇ ನೋಡಿದಳು.

“ಸಂಜೆ ಐದಕ್ಕೆ ಬನ್ನಿ. ಒಟ್ಟಿಗೆ ಇಳಿಯೋಣ” ಅಂದಳು. ಚೀಲ ತಗೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆಂಬುಲೆನ್ಸು ಬಂತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಅಕ್ಕ ಆಮೇಲೆ ಹೇಳಿದಳು.

ನಾನೂ ಭಾವನೂ ಗಾಡಿಯಲ್ಲಿ ಗುಡ್ಡ ಇಳಿದೆವು. ಮನೆ ಹತ್ತಿರ ಬಂದಾಗ ಅವರು, ಎಷ್ಟು ಗಂಟೆಗೆ ಅಂದ್ಲು ಎಂದು ಕೇಳಿದರು. ಐದಕ್ಕೆ ಅಂದೆ. ಷೂ ಬಿಚ್ಚುವಾಗ ಇನ್ನೊಮ್ಮೆ ಕೇಳಿದರು.

ಅವತ್ತು ಅವರು ಕಾರ್ಖಾನೆಗೆ ರಜೆ ಹಾಕಿದರು. ಊಟವಾದ ಮೇಲೆ ಮನೆಯಲ್ಲಿ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಗಾಡಿ ಬಾಗಿಲ ಮುಂದೆಯೇ ನಿಂತಿತ್ತು. ಒಳಗೆ ಭಾವ ಕೋಟು ಹಾಕಿಕೊಂಡು ಕೂತಿದ್ದರು. ಸ್ಟಿಯರಿಂಗ್ ಮುಂದೆ ಅಲ್ಲ, ಪಕ್ಕದ ಸೀಟಿನಲ್ಲಿ. ಇನ್ನೂ ಮೂರು ಗಂಟೆಯೂ ಆಗಿರಲಿಲ್ಲ.

ಇಷ್ಟು ಬೇಗ ಬಂದು, ಅದೂ ಈ ಕಡೆ, ಯಾಕೆ ಕೂತಿದ್ದೀರಿ ಭಾವ ಎಂದು ಕೇಳಿದೆ. ಆ ಮನುಷ್ಯ ಆವತ್ತು ಮೊದಲ ಸಲ ನನ್ನ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟರು.

“ಸೀಟು ತುಂಬಾ ತಣ್ಣಗಿದೆ ಕಣೋ” ಅಂದರು. “ಅವಳು ಬರೋ ಹೊತ್ತಿಗೆ ಬೆಚ್ಚಗಾಗಲಿ ಅಂತ.”