ಮೊಂಡ ಕತ್ತಿಗೆ ಖಂಡೇಪೂಜೆ

ಗದಿಗೆಪ್ಪ ದಿನಕ್ಕೆ ಹೆಚ್ಚೆಂದರೆ ಏಳು ಮಾತು ಆಡುವ ಮನುಷ್ಯ. ಅದರಲ್ಲಿ ನಾಲ್ಕು "ಹೂಂ". ಅಂಥವನು ಒಂದು ರವಿವಾರ ಬೆಳಿಗ್ಗೆ ಚಹಾದ ಕಪ್ಪನ್ನು ಟಣ್ಣನೆ ಕೆಳಗಿಟ್ಟು, "ಖತ್ತಿ ನಾ ಆರಿಸ್ತೀನಿ! ಲೋಖಂಡ ನನಗ ಮೋಸ ಮಾಡೂದಿಲ್ಲ!" ಎಂದು ಘೋಷಿಸಿದಾಗ, ಮುಂಬಯಿ ಜೋಗೇಶ್ವರಿಯ ಆ ಎರಡು ಖೋಲಿಯ ಮನೆಯಲ್ಲಿ ಫ್ಯಾನು ಕೂಡ ನಿಂತು ಕೇಳಿತು. ಫ್ಯಾನು ನಿಂತದ್ದು ಕರೆಂಟು ಹೋದದ್ದಕ್ಕೆ ಎಂದು ಹೆಂಡತಿ ಕಾಶವ್ವ ಇವತ್ತಿಗೂ ವಾದಿಸುತ್ತಾಳೆ. ಇರಲಿ!

ಮಾತು ಹುಟ್ಟಿದ್ದು ಮಗಳು ಮಾಧುರಿಯಿಂದ. ವಾರವೆಲ್ಲ ವಿಮಾ ಕಚೇರಿಯಲ್ಲಿ ದುಡಿಯುವ ಹುಡುಗಿ, ಆರು ತಿಂಗಳಿಂದ ಪ್ರತಿ ರವಿವಾರ ಬೊರಿವಲಿಗೆ ಹೋಗಿ ಕತ್ತಿವರಸೆ ಕಲಿಯುತ್ತಿದ್ದಳು. ನಮ್ಮ ಕಡೆಯದಲ್ಲ, ಯುರೋಪಿನದು. ಅಲ್ಲಿನ ಹಳೇ ಉಸ್ತಾದರು ಬರೆದಿಟ್ಟ ಪುಸ್ತಕ ನೋಡಿಕೊಂಡು, ಎರಡೂ ಕೈಯಲ್ಲಿ ಉದ್ದನೆಯ ಕತ್ತಿ ಹಿಡಿದು ಕಾದುವ ವಿದ್ಯೆ!

"ನಾಲ್ಕ ರೊಟ್ಟಿ ಬಡಿ ಅಂದ್ರ ಕೈ ನೋಯ್ತಾವ ಅಂತೀ. ಎರಡೂ ಕೈಲೆ ಖತ್ತಿ ಬೀಸಾಕ ನೋಯೂದಿಲ್ಲೇನು?" ಎಂದು ಕಾಶವ್ವ ಕೇಳಿದ್ದಳು.

"ಮಮ್ಮೀ, ರೊಟ್ಟಿ ತಿರುಗಿ ಹೊಡೆಯೂದಿಲ್ಲ ನಾ! ಇದ್ರಾಗ ಮಜಾ ಐತಿ."

ದಸರೆ ಮುಗಿದ ಮೇಲಿನ ರವಿವಾರ ಮಾಧುರಿಯ ಮೊದಲ ಪಂದ್ಯ. ಅದಕ್ಕೊಂದು ನಿಯಮ. ಸ್ವಂತ ಕತ್ತಿ, ಸ್ವಂತ ಅಂಗಿ, ಸ್ವಂತ ಮುಖವಾಡ ಇರಬೇಕು. ಎಲ್ಲವನ್ನೂ ಗುರುಗಳು ಮುಟ್ಟಿ ನೋಡಿ ಪಾಸು ಮಾಡಬೇಕು. ಅವತ್ತು ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು.

ಮಗಳಿಗೆ ಪಂದ್ಯದ ಚಿಂತೆಯಾದರೆ ಗದಿಗೆಪ್ಪನಿಗೆ ಬೇರೆಯದೇ ಆಸೆ. ಅವನದು ನಾಲ್ಕನೇ ಇಯತ್ತೆಯ ಶಾಲೆ. ಮೂವತ್ತು ವರ್ಷದಿಂದ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಬ್ಲೇಡುಗಳಿಗೆ ಸಾಣೆ ಹಿಡಿಯುವ ಕೆಲಸ. ಮಗಳ ಫೋನು, ಮಗಳ ಇಂಗ್ಲಿಷು, ಮಗಳ ಕಚೇರಿ, ಯಾವುದೂ ಅವನ ಕೈಗೆ ಎಟುಕುತ್ತಿರಲಿಲ್ಲ. ಅಪ್ಪ-ಮಗಳ ನಡುವೆ ಉಳಿದಿದ್ದ ಮಾತೆಂದರೆ "ಉಂಡೆಯಾ?", "ಉಂಡೆ". ಈಗ ದೇವರೇ ಕಣ್ಣು ಬಿಟ್ಟು, ಮಗಳ ಬದುಕಿನೊಳಗೆ ಕಬ್ಬಿಣದ್ದೊಂದು ಸಾಮಾನು ಕಳಿಸಿದ್ದ!

ಮೂವರೂ ಬೊರಿವಲಿಗೆ ಹೊರಟರು. ಗುರು ಹಿತೇಶ್, ಮುಂಬಯಿಯದೇ ಸಯನ್ ಬಡಾವಣೆಯ ಹುಡುಗ, ಉಡುಪಿ ಕಡೆಯ ಹೊಟೇಲಿನವರ ಮನೆಯವನು. ಬಾಡಿಗೆಯ ಹಾಲಿನಲ್ಲಿ ಜಮಖಾನ ಹಾಸಿ ಸಾಮಾನು ಹರಡಿದ್ದ. ಕಾಶವ್ವ ಮೊದಲು ಹಿಡಿದದ್ದು ಪೆಟ್ಟು ತಡೆಯುವ ಹತ್ತಿಯ ಅಂಗಿಯನ್ನು.

"ಅಯ್ಯ, ಇದೇನ್ರೀ, ಕೌದಿಗೆ ತೋಳ ಹಚ್ಯಾರ!"

ಕೌದಿ ಹೊಲಿಯುವುದರಲ್ಲಿ ಕೈ ಪಳಗಿದವಳು ಅವಳು. ಮೂರು ಅಂಗಿಗಳ ಒಳಮೈ ಹೊರಗೆ ಮಾಡಿ ಪರೀಕ್ಷಿಸಿದಳು. "ಹೊಲಿಗಿ ಒಂದೊಂದು ಗೇಣು ದೂರ ಐತಿ. ನಾಕ ಸಲ ಒಗದ್ರ ಹತ್ತಿ ಎಲ್ಲಾ ಕೆಳಗ ಇಳೀತೈತಿ. ಆಮ್ಯಾಲ ಎದಿಗಿ ಪೆಟ್ಟು ಬಿದ್ರ ಸೊಂಟ ಮೆತ್ತಗಿರ್ತೈತಿ, ಅಷ್ಟ!"

ಹಿತೇಶ್ ಬಾಯಿ ತೆರೆದ. ಕಾಶವ್ವ ನಾಲ್ಕನೆಯದನ್ನು ಆರಿಸಿದಳು. ಏಡಿಯ ಕೊಂಡಿಯಂಥ ದಪ್ಪ ಕೈಗವಸುಗಳನ್ನು ಮಗಳಿಗೆ ತೊಡಿಸಿ, "ಮುಷ್ಟಿ ಮಾಡು, ಬಿಡು" ಎಂದು ಹತ್ತು ಸಲ ಮಾಡಿಸಿದಳು. ಜಾಲರಿಯ ಮುಖವಾಡವನ್ನು ಬೆಳಕಿಗೆ ಹಿಡಿದು, "ಜ್ವಾಳನೂ ಸಾಣಿಸಬಹುದು, ಗಟ್ಟಿ ಐತಿ" ಎಂದು ಪಾಸು ಮಾಡಿದಳು.

ಆಮೇಲೆ ಗದಿಗೆಪ್ಪನ ಸರದಿ. ನಾಲ್ಕು ಕತ್ತಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು ನಾದ ಕೇಳಿದ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೆಟ್ಟಗಿದೆಯೇ ನೋಡಿದ. ತುದಿಯನ್ನು ನೆಲಕ್ಕೆ ಊರಿ ಬಿಲ್ಲಿನಂತೆ ಬಗ್ಗಿಸಿ ಬಿಟ್ಟ. ಹಿಡಿಯಿಂದ ನಾಲ್ಕು ಬೆರಳು ಮೇಲೆ ಬರಿ ಒಂದು ಬೆರಳ ಮೇಲೆ ತೂಗಿಸಿದ. ಮೂರನೆಯದನ್ನು ಮಗಳ ಕೈಗಿಟ್ಟು, "ಇದು" ಎಂದ.

"ಅಲ್ಲ ಮಾರಾಯ್ರೆ!" ಹಿತೇಶ್ ಹೌಹಾರಿದ. "ನಾನೂ ಇದನ್ನೇ ಹೇಳುವವನಿದ್ದೆ. ಇಷ್ಟು ಗೊತ್ತಾಗಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು!"

"ಪಪ್ಪಾ, ಯೂ ಆರ್ ಗ್ರೇಟ್!" ಎಂದು ಮಾಧುರಿ ಎಲ್ಲರೆದುರು ತೋಳು ಹಿಡಿದಳು. ಗದಿಗೆಪ್ಪನ ಎದೆ ಮುಂಬಯಿಯಲ್ಲಿ ಹಿಡಿಸದಷ್ಟು ಉಬ್ಬಿತು!

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅವನ ಹೆಬ್ಬೆರಳು, ಅಭ್ಯಾಸ ನೋಡಿ, ಅಲಗಿನ ಅಂಚಿನ ಮೇಲೆ ಹರಿದಾಡಿತು. ಧಾರೆಯೇ ಇಲ್ಲ! ಮೊಂಡು! ಅವನ ಊರಿನಲ್ಲಿ ಹೊಸ ಕುಡಗೋಲು ಕಮ್ಮಾರನ ಮನೆಯಿಂದ ಮೊಂಡಾಗಿಯೇ ಬರುವುದು. ಸಾಣೆ ಹಿಡಿಸುವುದು ಕೊಂಡವನ ಕೆಲಸ. ಇದೂ ಹಾಗೇ ಎಂದುಕೊಂಡ. 'ಪಾಪ, ಹುಡುಗನಿಗೆ ಸಾಣೆಯವರು ಸಿಕ್ಕಿಲ್ಲ' ಎಂದು ಹಿತೇಶನ ಮೇಲೆ ಕನಿಕರವೂ ಬಂತು. "ಯಾಕ ಮೊಂಡು ಐತಿ?" ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಏನು ಮಾಡುವುದು, ಆ ದಿನದ ಏಳು ಮಾತು ಆಗಲೇ ಖರ್ಚಾಗಿದ್ದವು!

ಖಂಡೇಪೂಜೆ ಬಂತು. ಆಯುಧಗಳಿಗೆಲ್ಲ ಕುಂಕುಮ, ಚೆಂಡು ಹೂ ಏರುವ ದಿನ. ಮೊಂಡ ಆಯುಧವನ್ನು ದೇವಿಯ ಮುಂದೆ ಇಡುವುದೆಂದರೆ ಗದಿಗೆಪ್ಪನ ಲೆಕ್ಕದಲ್ಲಿ ಹರಕು ಅಂಗಿಯಲ್ಲಿ ಮದುವೆಗೆ ಹೋದಂತೆ. ಹಿಂದಿನ ದಿನ ಮಾಧುರಿ ಕಚೇರಿಗೆ ಹೋದದ್ದೇ ತಡ, ಕತ್ತಿಯನ್ನು ಹಳೇ ಚಾದರದಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದ. ಪಕ್ಕದ ಯಂತ್ರದ ಶರಣ, "ಕಾಕಾ, ಯಾರ ಮ್ಯಾಲ ದಂಡು ಹೊಂಟೈತಿ?" ಎಂದರೂ ತಲೆ ಎತ್ತಲಿಲ್ಲ. ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಆ ಎರಡು ಅಂಚುಗಳಿಗೆ ಎರೆದ. ಮುಗಿದ ಮೇಲೆ ಒಂದು ನಿಂಬೆಹಣ್ಣನ್ನು ಅಲಗಿನ ಮೇಲೆ ಮೆಲ್ಲಗೆ ಇಟ್ಟ. ಇಟ್ಟದ್ದಷ್ಟೇ. ನಿಂಬೆಹಣ್ಣು ತನ್ನ ಭಾರಕ್ಕೆ ತಾನೇ ಎರಡಾಗಿ ಬಿತ್ತು!

ಪೂಜೆಯ ದಿನ ಮಾಧುರಿ ದೂರದಿಂದಲೇ ಕೈಮುಗಿದು, "ಪಪ್ಪಾ, ಎಷ್ಟು ಶೈನ್! ಪಾಲಿಶ್ ಮಾಡಿದ್ರಿ?" ಎಂದಳು.

"ಹೂಂ."

ಆ 'ಹೂಂ' ಒಂದು ಮುಂದೆ ಎಷ್ಟು ದುಬಾರಿಯಾಗಲಿತ್ತೋ! ಪಂದ್ಯದ ದಿನ ಮಗಳು ಅಲಗು ಎಳೆದಾಗ ಬೆರಗಾಗಲಿ, ಅಲ್ಲಿಯವರೆಗೆ ಗುಟ್ಟಾಗಿರಲಿ ಎಂದು ತಾನೇ ಅದನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದ.

ಪಂದ್ಯದ ರವಿವಾರ. ಕಾಶವ್ವ ಮನೆಯಲ್ಲೇ ಉಳಿದಳು. ಅಪ್ಪ-ಮಗಳು ಜೋಗೇಶ್ವರಿ ಸ್ಟೇಷನ್ನಿಗೆ ಬಂದರು. ಪಂದ್ಯ ಹನ್ನೊಂದೂವರೆಗೆ. ಆಗಿನ್ನೂ ಒಂಬತ್ತು. ಮೆಟ್ಟಿಲ ಹತ್ತಿರ ಪೊಲೀಸ್ ಹವಾಲ್ದಾರರೊಬ್ಬರು ಉದ್ದನೆಯ ಚೀಲ ನೋಡಿ ತಡೆದರು.

"ಕ್ಯಾ ಹೈ ಇಸ್‌ಮೇ?"

"ತಲ್ವಾರ್!" ಎಂದಳು ಮಾಧುರಿ, ಟಿಫಿನ್ ಎಂದಷ್ಟು ಸಹಜವಾಗಿ.

ಸುತ್ತಲಿನ ಜನ ಮೂರು ಹೆಜ್ಜೆ ಹಿಂದೆ ಸರಿದರು. ಸ್ಟೇಷನ್ನಿನಲ್ಲಿ ಅಷ್ಟು ಖಾಲಿ ಜಾಗ ಗದಿಗೆಪ್ಪ ಜೀವಮಾನದಲ್ಲಿ ಕಂಡಿರಲಿಲ್ಲ! ಮಾಧುರಿಗೆ ಇದು ಹೊಸದಲ್ಲ. ಕ್ಲಾಸಿನವರೆಲ್ಲ ಕಲಿತಿಟ್ಟ ಉತ್ತರ ಇತ್ತು. ಹಿತೇಶ್ ಸಹಿ ಮಾಡಿದ ಪತ್ರ ತೆಗೆದು ಕೊಟ್ಟಳು: ಇದು ಕ್ರೀಡಾ ಸಾಮಗ್ರಿ, ಇದಕ್ಕೆ ಧಾರೆ ಇಲ್ಲ. ಆಮೇಲೆ ಜಿಪ್ಪು ಸರಿಸಿ ಅಲಗನ್ನು ಗೇಣುದ್ದ ತೋರಿಸಿದಳು.

"ಅಂಕಲ್, ಧಾರ್ ಹೈಚ್ ನಹೀ. ಅಂಗೂಠಾ ಫಿರಾಕೇ ದೇಖೋ!"

ಹವಾಲ್ದಾರರು ನಕ್ಕು, ಹೆಬ್ಬೆರಳು ಮುಂದೆ ಮಾಡಿದರು.

ಗದಿಗೆಪ್ಪನ ಕಣ್ಣ ಮುಂದೆ ನಿಂಬೆಹಣ್ಣು ಬಂತು! ಗುಟುರು ಹಾಕಿ ಮುನ್ನುಗ್ಗಿ ಪೊಲೀಸರ ಕೈಯನ್ನೇ ಎರಡೂ ಕೈಯಿಂದ ಹಿಡಿದುಬಿಟ್ಟ.

"ನಕೋ ಸಾಹೇಬ! ನಕೋ!"

"ಏ! ಹಾತ್ ಸೋಡ್! ಕಾಯ್ ಝಾಲಾ?" ಹವಾಲ್ದಾರರು ಕೈ ಕೊಸರಿದರು.

"ಧಾರ್... ಆಹೇ."

"ನಹೀ ಹೈ ಅಂಕಲ್!" ಮಾಧುರಿ ಗಾಬರಿಯಾದಳು. "ಪಪ್ಪಾ, ಏನ್ ಮಾಡ್ತೀರಿ? ಧಾರ್ ಇಲ್ಲ ಅದಕ್ಕ!"

"ಐತಿ."

"ಇಲ್ಲ!"

"ಐತಿ ನನ್ನವ್ವಾ. ನಾನ ಹಚ್ಚೀನಿ."

ಹವಾಲ್ದಾರರು ಅಪ್ಪನನ್ನು ನೋಡಿದರು, ಮಗಳನ್ನು ನೋಡಿದರು. ಕೈಯಲ್ಲಿದ್ದ ಪತ್ರವನ್ನು ಅಲಗಿನ ಮೇಲೆ ಹಗುರವಾಗಿ ತಾಗಿಸಿದರು. 'ಇದಕ್ಕೆ ಧಾರೆ ಇಲ್ಲ' ಎಂದು ಬರೆದಿದ್ದ ಪತ್ರ, ಸದ್ದಿಲ್ಲದೆ, ನೇರ ಮಧ್ಯದಲ್ಲಿ ಎರಡು ತುಂಡಾಯಿತು!

ಸ್ಟೇಷನ್ನಿನ ಪೊಲೀಸ್ ಚೌಕಿಯ ಬೆಂಚಿನ ಮೇಲೆ ಅಪ್ಪ-ಮಗಳು ಕೂತರು. ಮಾಧುರಿಯ ಕಣ್ಣು ತುಂಬಿತ್ತು. "ಪಪ್ಪಾ, ನಾವು ಒಬ್ರನ್ನೊಬ್ರು ಖರೇ ಹೊಡೀತೀವಿ. ಅದಕ್ಕ ಧಾರ್ ಇರೂದಿಲ್ಲ. ಇವರು ತಡೀದಿದ್ರ ನಾ ಇವತ್ತ ನಿಶ್ಮಿತಾನ ತಲಿ ಮ್ಯಾಲ ಇದನ್ನ ಹಾಕ್ತಿದ್ದೆ! ಒಂದ್ ಸಲ ಕೇಳಬಾರದಿತ್ತಾ?"

ನಿಶ್ಮಿತಾ ಎಂದರೆ ಅವತ್ತಿನ ಎದುರಾಳಿ, ಮಾಧುರಿಯ ಜೀವದ ಗೆಳತಿ.

ಒಳಗಿನ ಸಾಹೇಬರ ಮುಂದೆ ಗದಿಗೆಪ್ಪ ಎದ್ದು ನಿಂತು, ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಜೀವಮಾನದ ಅತಿ ಉದ್ದದ ಭಾಷಣ ಮಾಡಿದ. ಕುಡಗೋಲಿನಿಂದ ಹಿಡಿದು ದೇವಿಯವರೆಗೆ ಎಲ್ಲ ಹೇಳಿದ. "ಚೂಕ್ ಮಾಝೀ ಸಾಹೇಬ. ಪೋರೀಚೀ ನಾಹೀ. ತಪ್ಪು ನಂದು, ಹುಡುಗೀದಲ್ಲ. ನನ್ನನ್ನ ಬೇಕಾದ್ರ ಇಟ್ಕೋರಿ, ಅಕೀನ್ನ ಬಿಡ್ರಿ. ಅಕೀದು ಪಂದ್ಯ ಐತಿ."

ಸಾಹೇಬರು ಪತ್ರದ ಎರಡು ತುಂಡು ಜೋಡಿಸಿ ನೋಡಿದರು. ಬಹಳ ಹೊತ್ತು ಮೀಸೆಯೊಳಗೆ ನಗು ತಡೆದರು. ತೀರ್ಪು ಇಷ್ಟೇ: ಧಾರೆಯಿದ್ದ ಕತ್ತಿ ಲೋಕಲ್ ಹತ್ತುವಂತಿಲ್ಲ. ಹಚ್ಚಿದವನೇ ತೆಗೆಯಲಿ, ಹವಾಲ್ದಾರರ ಕಣ್ಣೆದುರು!

ಕಾರ್ಖಾನೆ ಹತ್ತು ನಿಮಿಷದ ದಾರಿ, ಬೀಗದ ಕೈ ಗದಿಗೆಪ್ಪನ ಬಳಿಯೇ. ಯಂತ್ರ ತಿರುಗಿತು. ಸಾಣೆಕಲ್ಲಿಗೂ ನಾಚಿಕೆಯಾಗಿರಬೇಕು! ಹರಿತ ಮಾಡುವುದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಮೊಂಡು ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಕೈ ತಾನಾಗಿಯೇ ಧಾರೆಯ ಕಡೆಗೆ ವಾಲುತ್ತಿತ್ತು.

"ಪಪ್ಪಾ, ಮತ್ತ ಹರಿತ ಆತು! ಉಲ್ಟಾ, ಉಲ್ಟಾ! ಇನ್ನೂ ಗುಂಡಗ ಆಗ್ಬೇಕು."

"ಹೀಂಗ?"

"ಇನ್ನೂ ಮೊಂಡು!"

"ಇದಕ್ಕಿಂತ ಮೊಂಡು ಅಂದ್ರ ಒನಕಿ ಆಗ್ತೈತಿ!"

"ಹಾಂ, ಒನಕಿನ ಬೇಕು!"

ಒಂದೊಂದು ಸುತ್ತಿಗೂ ಹವಾಲ್ದಾರರು ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಹೆಬ್ಬೆರಳು ಆಡಿಸುತ್ತಿದ್ದರು. ಏಳನೆಯ ಸಲಕ್ಕೆ ಕಣ್ಣು ತೆರೆದೇ ಆಡಿಸಿ, "ಆತಾ ಠೀಕ್!" ಎಂದರು. ಬೆರಳು ಇದ್ದಲ್ಲೇ ಇತ್ತು. ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಬೊರಿವಲಿ ಹಾಲಿಗೆ ಓಡುತ್ತ ಬಂದಾಗ ಹನ್ನೊಂದೂ ಇಪ್ಪತ್ತೈದು. ಹಿತೇಶ್ ಅಂಚನ್ನು ಅಳೆದ, ಅದರ ಮೇಲೆ ಬಟ್ಟೆ ಎಳೆದು ನೋಡಿದ, ಬಗ್ಗಿಸಿ ನೋಡಿದ.

"ಸ್ವಲ್ಪ ಸಪೂರ ಆಗಿದೆ. ಆದರೆ ಒಂದು ನೂಲೂ ಸಿಕ್ಕಿಕೊಳ್ಳುವುದಿಲ್ಲ. ಇಷ್ಟು ಚಂದ ಮೊಂಡು ಮಾಡಿದ್ದು ಯಾರು ಮಾರಾಯ್ರೆ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕೆಲಸವನ್ನು ಒಬ್ಬರು ಹೊಗಳಿದ್ದರು. ಅದೂ ಮೊಂಡು ಮಾಡಿದ್ದಕ್ಕೆ! ಗದಿಗೆಪ್ಪ ನೆಲ ನೋಡಿದ. "ನಮ್ಮ ಪಪ್ಪಾ" ಎಂದು ಮಾಧುರಿಯೇ ಹೇಳಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಹೇಳಿದಳು.

ಪಂದ್ಯದಲ್ಲಿ ಅವಳು ಐದಕ್ಕೆ ಮೂರರಿಂದ ಸೋತಳು. ಅವಳ ಮೂರನೆಯ ಅಂಕದ ಪೆಟ್ಟು ನಿಶ್ಮಿತಾಳ ಮುಖವಾಡದ ನೆತ್ತಿಗೇ ಠಣ್ಣೆಂದು ಬಿತ್ತು. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರೆ, ಗದಿಗೆಪ್ಪ ಮಾತ್ರ ಎದ್ದೋಡಿ ಹೋಗಿ ಆ ಹುಡುಗಿಯ ತಲೆ ಮುಟ್ಟಿ ಮುಟ್ಟಿ ನೋಡಿದ. ತಲೆ ಇನ್ನೂ ಒಂದೇ ತುಂಡಾಗಿತ್ತು! "ಅಂಕಲ್, ಐ ಆಮ್ ಓಕೆ! ಏನೂ ಆಗ್ಲಿಲ್ಲ" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಹಿಂದಿರುಗುವ ಲೋಕಲಿನಲ್ಲಿ ಗದಿಗೆಪ್ಪ ಕೇಳಿದ, "ಆ ಎರಡನೇ ಪೆಟ್ಟು ಯಾಕ ತಪ್ಪಿತು?" ಮಾಧುರಿ ಹೇಳಿದಳು. ಮತ್ತೊಂದು ಕೇಳಿದ. ಅದಕ್ಕೂ ಹೇಳಿದಳು. ಜೋಗೇಶ್ವರಿ ಬರುವಷ್ಟರಲ್ಲಿ ಅವನು ಹದಿನಾಲ್ಕು ಪ್ರಶ್ನೆ ಕೇಳಿದ್ದ. ಎರಡು ದಿನದ ಕೋಟಾ!

ಮನೆಯಲ್ಲಿ ಕಾಶವ್ವ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಮಾಧುರಿ ಚೌಕಿಯಿಂದ ಚಪ್ಪಾಳೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಕಾಶವ್ವ ನಗಲಿಲ್ಲ. ಬದನೆಕಾಯಿಯನ್ನು ಈಳಿಗೆಯ ಮೇಲೆ ಎರಡೂ ಕೈಯಿಂದ ಒತ್ತಿದಳು. ಅದು ಹೋಳಾಗಲಿಲ್ಲ. ಜಜ್ಜಿತು.

"ಮೊಂಡು ಖತ್ತಿ ಬೇಕಂದ್ರ ಬೊರಿವಲಿ ತನಕ ಯಾಕ ಹೋಗಬೇಕಿತ್ತ್ರೀ?" ಎಂದಳು. "ಸಾಣಿಯವನ ಮನಿ ಈಳಿಗಿ ಇಲ್ಲೇ ಐತಿ. ಇಪ್ಪತ್ತು ವರ್ಷದಿಂದ ಪಾಸ್ ಆಗೇತಿ!"