ಗಾಲಿಗೆ ಕೌದಿ, ಡಿಕ್ಕಿಗೆ ಬೆಲ್ಲ

ಪ್ರತಿಯೊಬ್ಬ ಗಂಡಸಿಗೂ ಒಂದು ಹುಚ್ಚು ಇರುತ್ತದೆ. ನನ್ನ ಹುಚ್ಚು ಕೆಂಪು ಬಣ್ಣದ್ದು, ಎರಡೇ ಸೀಟಿನದು, ನೆಲದಿಂದ ಗೇಣೆತ್ತರದಲ್ಲಿ ಓಡುವಂಥದು. ದ್ರಾಕ್ಷಿ ಬೆಳೆ ಕೈಹಿಡಿದ ವರ್ಷ ಪುಣೆಯಿಂದ ತಂದ ಆ ಸ್ಪೋರ್ಟ್ಸ್ ಕಾರು ನಮ್ಮೂರು ಕಬ್ಬೂರಿನ ಮೊದಲ ರಸ್ತೆಯುಬ್ಬಿಗೇ ಹೊಟ್ಟೆ ಉಜ್ಜಿಕೊಂಡು ನಿಂತಿತು. "ಪಾಪ, ಹೊಟ್ಟಿ ತುರಿಸಿಕೊಳ್ಳಾಕತ್ತೈತಿ" ಎಂದಳು ನನ್ನ ಹೆಂಡತಿ ತ್ರಿಶಲಾ. ಅಂದಿನಿಂದ ಅವಳಿಗೂ ಕಾರಿಗೂ ಎಣ್ಣೆ-ಸೀಗೆಕಾಯಿ.

ಈ ಕಾರಿನ ಬಲವೆಲ್ಲ ಹಿಂದಿನ ಗಾಲಿಗಳಲ್ಲಿದೆ. ಚಳಿಗೆ ಟಯರು ಪೆಡಸಾಗಿಬಿಟ್ಟು ನೆಲ ಹಿಡಿಯುವುದಿಲ್ಲ. ಆಗ ಜೋರಾಗಿ ಎಕ್ಸಿಲೇಟರ್ ಒತ್ತಿದಿರೋ, ಬಾಲ ಮುಂದೆ ಬಂದು ಮುಖ ಹಿಂದಾಗುತ್ತದೆ. ಇದನ್ನೆಲ್ಲ ನಾನು ಮೊಬೈಲಿನಲ್ಲಿ ಹಿಮದ ದೇಶದವರಿಂದ ಕಲಿತಿದ್ದೆ. (ನಮ್ಮಲ್ಲಿ ಹಿಮ ಬೀಳುವುದಿಲ್ಲ, ಒಪ್ಪಿದೆ. ಆದರೆ ಜನವರಿಯ ಬೆಳಗಿನ ಗಾಳಿಗೆ ನಮ್ಮ ಎಮ್ಮೆಗಳೂ ಗೋಣಿತಾಟು ಹೊದ್ದುಕೊಳ್ಳುತ್ತವೆ.)

ಈ ಮಹಾವಿದ್ಯೆಯ ಪರೀಕ್ಷೆಗೆ ಮುಹೂರ್ತ ಒದಗಿದ್ದು ನಾದಿನಿ ಬ್ರಾಹ್ಮಿಯ ನಿಶ್ಚಿತಾರ್ಥದಲ್ಲಿ. ದಿಗ್ಗೇವಾಡಿಯ ಮಾವನ ಮನೆಯಲ್ಲಿ ಕಾರ್ಯ. "ಹೋಳಿಗಿಗೆ ಬೆಲ್ಲ ನಮ್ಮ ಗಾಣದ್ದ ಆಗಬೇಕು" ಎಂದು ನಾನೇ ಎದೆಯುಬ್ಬಿಸಿ ಹೇಳಿಬಿಟ್ಟಿದ್ದೆ. ಬೆಲ್ಲ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಹೂರಣವಿಲ್ಲ. ಹೂರಣವಿಲ್ಲದಿದ್ದರೆ ಬೀಗರ ಎದುರಿಗೆ ಹಿರಿಯ ಅಳಿಯನ ಮಾನವೂ ಇಲ್ಲ.

"ಜೀಪಿನ್ಯಾಗ ಹೋಗೂಣ್ರಿ" ಎಂದಳು ತ್ರಿಶಲಾ.

ಬೀಗರ ಎದುರು ಜೀಪಿನಿಂದ ಇಳಿಯುವುದಾದರೆ ಈ ಕಾರನ್ನು ಪೂಜೆಗೆ ಇಟ್ಟುಕೊಳ್ಳಬೇಕೇ? ನಾನು ಒಪ್ಪಲಿಲ್ಲ. ಹಿಂದೆ ಭಾರವಿದ್ದರೆ ಗಾಲಿ ಜಾರುವುದಿಲ್ಲವೆಂದು ಮೊಬೈಲಿನ ಗುರುಗಳು ಹೇಳಿದ್ದರಲ್ಲ! ಬೆಲ್ಲದ ಪೆಂಟಿಗಳನ್ನೆಲ್ಲ ಡಿಕ್ಕಿಗೆ ತುಂಬಿಸಿದೆ. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಹೊರಡುವ ದಿನ ಬೆಳಗ್ಗೆ ಅವಳು ಸೀನುತ್ತಲೇ ಎದ್ದು ಬಂದಳು.

"ರೀ, ನನ್ನ ಕೌದಿ ಎಲ್ಲೈತಿ?"

"ಗಾಲಿಗೆ ಹೊಚ್ಚೇನಿ. ಟಯರ್ ಬೆಚ್ಚಗ ಇರಬೇಕು."

"ಮತ್ತ ನನಗ ಥಂಡಿ ಆಗೂದಿಲ್ಲೇನು?"

"ನಿನಗ ಥಂಡಿ ಆದ್ರ ಸೀನು ಬರತಾವ. ಗಾಲಿಗೆ ಆದ್ರ ಜೀವಾನ ಹೋಗತೈತಿ."

"ಅವ್ವ ನನಗಂತ ಹೊಲಿದ ಕೌದಿ! ಕೆಂಪು ಸವತಿಗೆ ಹೊಚ್ಚ್ಯಾರ ನೋಡ್ರಿ!" ಎಂದು ಅವಳು ಕೌದಿಯನ್ನು ಕಿತ್ತುಕೊಂಡು, ಹೊದ್ದುಕೊಂಡೇ ಕಾರಿನಲ್ಲಿ ಕುಳಿತಳು. ನಾನು ಮಂಕಿಕ್ಯಾಪು ಧರಿಸಿ ಸಾರಥಿಯಾದೆ.

ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟೆ. ಎಕ್ಸಿಲೇಟರನ್ನು ಪಾದದಡಿ ಮೊಟ್ಟೆಯಿದೆಯೆಂಬಂತೆ ಒತ್ತಬೇಕು. (ನಮ್ಮ ಜೈನರ ಮನೆಯಲ್ಲಿ ಮೊಟ್ಟೆ ವರ್ಜ್ಯ, ಆದ್ದರಿಂದ ಹಪ್ಪಳವೆಂದು ತಿದ್ದಿ ಹೇಳಿದೆ.) ತಿರುವಿನಲ್ಲಿ ಬ್ರೇಕ್ ಹಾಕಬಾರದು. ಬಾಲ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಬರಿಯಾಗಬಾರದು.

"ಮುಂದ ರವದಿ ಬಿದ್ದೈತ್ರಿ, ಸಾವಕಾಶ" ಎಂದಳು.

ಕಾಲುವೆಯ ತಿರುವಿನಲ್ಲಿ, ಕಬ್ಬಿನ ಟ್ರಾಲಿಗಳಿಂದ ಉದುರಿದ ರವದಿಯ ಸೋಗೆಯೂ ಗಾಲಿಯ ಕೆಸರೂ ಇಬ್ಬನಿಯಲ್ಲಿ ನೆನೆದು ರಸ್ತೆ ಲೋಳೆಯಾಗಿತ್ತು. ಹೆಂಗಸು ಹೇಳಿದ ಮೇಲೆ ಸಾವಕಾಶ ಹೋಗುವುದು ಹೇಗೆ? ಒತ್ತಿದೆ. ಹಪ್ಪಳ ಪುಡಿಯಾಯಿತು. ಕಾರಿನ ಬಾಲ ಲಾವಣಿಯವಳ ಸೊಂಟದಂತೆ ಬಳುಕಿತು. ನಾನು ಶಾಸ್ತ್ರೋಕ್ತವಾಗಿ ಸ್ಟೇರಿಂಗ್ ಬಿಟ್ಟು, ಕಣ್ಣು ಮುಚ್ಚಿ, "ಣಮೋ ಅರಿಹಂತಾಣಂ" ಎಂದೆ. ಕಣ್ಣು ತೆರೆದಾಗ ಕಾರಿನ ಮುಖ ಕಬ್ಬೂರಿನ ಕಡೆಗಿತ್ತು. ಹಿಂದಿನ ಗಾಲಿಗಳು ರಸ್ತೆಯಂಚಿನ ಕೆಸರಿನಲ್ಲಿದ್ದವು.

"ಮನೀಗೆ ಹೊಂಟೇವೇನ್ರಿ?" ಎಂದಳು ತ್ರಿಶಲಾ, ಕೌದಿಯೊಳಗಿನಿಂದ.

ಅಷ್ಟರಲ್ಲಿ ಅವಳ ತವರೂರಿನ ಸತ್ತೆಪ್ಪ, ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ, ಖಾಲಿ ಟ್ರ್ಯಾಕ್ಟರಿನಲ್ಲಿ ಬಂದ. "ಹಗ್ಗಾ ಕಟ್ಟಿ ಎಳೀಲೇನ್ರಿ, ಸಾವ್ಕಾರ್ರ?"

"ಛೇ! ಸ್ಪೋರ್ಟ್ಸ್ ಕಾರನ್ನ ಟ್ರ್ಯಾಕ್ಟರಿಗೆ ಕಟ್ಟೂದs? ಏನೂ ಬ್ಯಾಡ" ಎಂದೆ.

"ಹಂಗಾರ ಬೆಲ್ಲಾರ ಒಯ್ಯೋ ಸತ್ತೆಪ್ಪ. ಅಲ್ಲಿ ಅವ್ವ ಒಲಿ ಮುಂದ ಕಾಯಾಕತ್ತಾಳ" ಎಂದು ತ್ರಿಶಲಾ ಪೆಂಟಿಗಳನ್ನೆಲ್ಲ ಟ್ರಾಲಿಗೆ ಹಾಕಿಸಿಬಿಟ್ಟಳು. ಟ್ರ್ಯಾಕ್ಟರು ಬೆಲ್ಲದೊಂದಿಗೆ ನನ್ನ ಮಾನವನ್ನೂ ಹೇರಿಕೊಂಡು ಹೋಯಿತು.

ಈಗ ಡಿಕ್ಕಿ ಖಾಲಿ. ನಾನು ಒತ್ತಿದಷ್ಟೂ ಗಾಲಿ ನಿಂತಲ್ಲೇ ಗಿರಗಿರನೆ ತಿರುಗಿ ಕೆಸರು ತೂರಿತು. ಅವಳು ಕೌದಿ ಮಡಚಿಟ್ಟು ಇಳಿದಳು.

"ಸ್ಟೇರಿಂಗ್ ಬಿಟ್ಟು ಸರೀರಿ. ಅಪ್ಪನ ಟ್ರ್ಯಾಕ್ಟರೂ ಹಿಂದಿನ ಗಾಲಿ ಮ್ಯಾಲೇ ಓಡತಿತ್ತು. ಕಾಲೇಜ್ ಮುಗಿಯೂತನಾ ನಾನs ಹೊಡೀತಿದ್ನಿ."

"ಮತ್ತ ನಾ ಎಲ್ಲಿ ಕೂಡ್ಲಿ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವಂತೆ ನೋಡಿದಳು. "ಹಿಂದ ವಜನ ಬೇಕಂತ ನೀವs ಹೇಳೀರಲ್ಲ? ಡಿಕ್ಕ್ಯಾಗ ಹತ್ರಿ."

ಹತ್ತಿದೆ. (ನೀವಾಗಿದ್ದರೂ ಹತ್ತುತ್ತಿದ್ದಿರಿ. ಅವಳ ಆ ನೋಟ ನಿಮಗೆ ಗೊತ್ತಿಲ್ಲ.) ಡಿಕ್ಕಿಯ ಮುಚ್ಚಳ ತೆರೆದಿಟ್ಟು, ಕಾಲು ಹೊರಗೆ ಇಳಿಬಿಟ್ಟು ಕುಳಿತೆ. ಅವಳು ಎರಡನೇ ಗೇರು ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ನನಗೆ ಹೊಟ್ಟೆ ಉರಿಯುವಷ್ಟು ಸಲೀಸಾಗಿ ಕಾರು ಕೆಸರಿನಿಂದ ಎದ್ದು ಬಂತು.

"ಇನ್ನ ಮುಂದ ಕೂಡ್ತೀನಿ, ನಿಲ್ಲಸು!" ಎಂದು ಕೂಗಿದೆ.

"ದಾರಿ ತುಂಬ ರವದಿ ಐತ್ರಿ. ಹಂಗs ಕೂಡ್ರಿ!"

ಚಳಿಗಾಳಿಯಲ್ಲಿ ಹಲ್ಲು ಕಟಕಟಿಸುತ್ತ, ದಾರಿಗುಂಟ ಟ್ರ್ಯಾಕ್ಟರಿನವರಿಗೆಲ್ಲ ಹಿಮ್ಮುಖವಾಗಿ ದರ್ಶನ ಕೊಡುತ್ತ ದಿಗ್ಗೇವಾಡಿ ಸೇರಿದೆ. ಕಾರು ಪೆಂಡಾಲಿನ ಎದುರಿಗೇ ನಿಂತಿತು. ಒಳಗಿನಿಂದ ಹೂರಣ ಬೇಯುವ ಘಮ ಬರುತ್ತಿತ್ತು. ಅಂದರೆ ಬೆಲ್ಲ ನನಗಿಂತ ಮೊದಲೇ ಮಾನದಿಂದ ಮುಟ್ಟಿತ್ತು. ಬೀಗರೆಲ್ಲ ಎದ್ದು ಬಂದು ಕಾರಿನ ಸುತ್ತ ನೆರೆದರು. ನಾನು ಬಯಸಿದ್ದೂ ಇದನ್ನೇ, ಏನು ಹೇಳಲಿ!

ಗಂಡಿನ ಅಜ್ಜ ಆಬಾಸಾಹೇಬರು ಕನ್ನಡಕ ಏರಿಸಿ, ಸ್ಟೇರಿಂಗ್ ಹಿಂದಿದ್ದ ತ್ರಿಶಲಾಳನ್ನು ಮೆಚ್ಚುಗೆಯಿಂದ ನೋಡಿದರು. ಆಮೇಲೆ ಡಿಕ್ಕಿಯ ಕಡೆ ಬಂದು, ಮಂಕಿಕ್ಯಾಪಿನಲ್ಲಿ ಕೆಸರು ಮೆತ್ತಿಕೊಂಡಿದ್ದ ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು.

"ಇವ್ರು ಯಾರವಾ?"

ತ್ರಿಶಲಾ ಸೆರಗು ಸರಿಮಾಡಿಕೊಂಡು ವಿನಯದಿಂದ ಹೇಳಿದಳು:

"ನಮ್ಮ ಮನಿಯವ್ರರಿ. ಬೆಲ್ಲದ ಬದ್ಲಿ ಕುಂತಾರ."